ಮನಸ್ಸಿನಲ್ಲಿ ಹೊಲಿದ ಕಾಜ

ಸೋಮವಾರ, ಇಪ್ಪತ್ತೆರಡನೇ ತಾರೀಖು

ತಂಗೀ,

ಅಕ್ಕನ ಆಶೀರ್ವಾದ. ನಿನ್ನ ಎರಡೂ ಕಾಗದಗಳು ಬಂದಿವೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎಡಗೈಯಲ್ಲಿ ಬರೆದರೆ ಹೀಗೇ, ಕಾಗೆ ಕಾಲು ಗುಬ್ಬಿ ಕಾಲು. ಮೊದಲೇ ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಓದಲಾಗದಿದ್ದರೆ ಮಗಳ ಕೈಲಿ ಓದಿಸು. ಬೇಡ, ನೀನೇ ಓದು.

ಕೈಯ ಸಮಾಚಾರ ಕೇಳಿದ್ದೀಯ. ಇಸ್ತ್ರಿಪೆಟ್ಟಿಗೆ ಬಿದ್ದ ಗಾಯ ಒಣಗಿದೆ. ಆದರೆ ಸುಟ್ಟ ಚರ್ಮ ಸೆಟೆದುಕೊಂಡು ಬಲಗೈ ಬೆರಳು ಮಡಚುತ್ತಿಲ್ಲ. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಮಡಚಿಸಿಕೊಂಡು ಬರಬೇಕು. ಹೊಲಿಗೆ ಅಂಗಡಿಯ ಯಜಮಾನ ಬಂದು ನೋಡಿಹೋದ. "ತಿಂಗಳ ಕೊನೆಗೆ ಸೂಜಿ ಹಿಡಿದ್ರೆ ನಿಮ್ಮ ಜಾಗ ನಿಮ್ಮದೇ ಅಕ್ಕಾವ್ರೇ. ಇಲ್ದಿದ್ರೆ ಕಾಜ ಮಾಡೋ ಮೆಷಿನ್ ತರಿಸ್ತೀನಿ. ಅದು ನನ್ನನ್ನ ಬೈಯೋದಾದ್ರೂ ಇಲ್ಲ" ಎಂದ. ಹಲ್ಲು ಬೇರೆ ಕಿರಿದ.

ಬೆರಳು ಮಡಚಿಸುವ ಹುಡುಗಿ ನೋಡಲು ಕಡ್ಡಿ, ಹಿಡಿತ ಮಾತ್ರ ಇಕ್ಕಳ. ಮೊದಲ ದಿನ ಪ್ರಾಣ ಹೋಗಿ ಬಂತು. "ಅಜ್ಜೀ, ಕೈ ಮೇಲೆ ಗಮನ ಬೇಡ. ನೂರರಿಂದ ಏಳೇಳು ಕಳೀತಾ ಹೋಗಿ, ನೋವು ಕಮ್ಮಿ ಅನ್ಸುತ್ತೆ" ಎಂದಳು.

"ನನಗೆ ಮಗ್ಗಿ ಮುಂದಕ್ಕೇ ಬರಲ್ಲ, ಹಿಂದಕ್ಕೆ ಎಲ್ಲಿಂದ ಬರ್ಬೇಕು?"

"ಹಾಗಾದ್ರೆ ನಿಮಗೆ ಏನು ಬರುತ್ತೋ ಅದನ್ನೇ ಮಾಡಿ."

ನನಗೆ ಬರುವುದು ಒಂದೇ. ಕಣ್ಣು ಮುಚ್ಚಿ, ನಿನ್ನ ಅಳಿಯನಾಗುವವನ ಕೋಟು ಹರವಿಕೊಂಡೆ. ಗುಂಡಿ ತೂರುವ ಕಾಜಗಳನ್ನು ಬಿಟ್ಟು ಎಲ್ಲ ಮುಗಿದು ಅಂಗಡಿಯಲ್ಲಿ ನೇತಾಡುತ್ತಿದೆಯಲ್ಲ, ಅದೇ. ಅಳತೆ ನೋಡಿ ಸೀಳು ಹಾಕಿದೆ, ದಾರಕ್ಕೆ ಮೇಣ ಎಳೆದೆ, ಅಂಚಿನ ಮೇಲೆ ಒಂದೊಂದೇ ಗಂಟು ಕೂರಿಸುತ್ತ ಹೋದೆ. ಒಂದು ಗಂಟು ದಪ್ಪವಾಯಿತು, ಬಿಚ್ಚಿ ಮತ್ತೆ ಹಾಕಿದೆ. ನೋವು ಎಲ್ಲಿಗೂ ಹೋಗಲಿಲ್ಲ, ಸುಳ್ಳೇಕೆ ಹೇಳಲಿ. ಪಕ್ಕದ ಮನೆಯಲ್ಲಿ ಯಾರೋ ಜಗಳವಾಡಿದ ಹಾಗೆ ಕೇಳಿಸುತ್ತಿತ್ತು, ಅಷ್ಟೇ. ಕಣ್ಣು ಬಿಟ್ಟರೆ ಬೆರಳು ಅರ್ಧ ಮಡಚಿತ್ತು. ಆಮೇಲೆ ದಿನಾ ಅದೇ. "ಇವತ್ತು ಯಾವ ಕಾಜ ಅಜ್ಜೀ, ಎದೆಯದೋ ತೋಳಿನದೋ?" ಎಂದು ಹುಡುಗಿಯೇ ಕೇಳುತ್ತಿದ್ದಳು.

ಹೋದ ಗುರುವಾರ ನೀನು ಬೀಗಿತ್ತಿಯಾಗುವವಳನ್ನು ಕರೆದುಕೊಂಡು ಆಸ್ಪತ್ರೆಗೇ ಬಂದೆ. ನನ್ನ ಕೈ ನೋಡಲಿಕ್ಕಲ್ಲ, ಕೋಟು ಎಂದಿಗೆ ಸಿಗುತ್ತದೆ ಎಂದು ಆಕೆಗೆ ಆತುರ. ಆಕೆ ಏನೋ ಒಂದು ಕೇಳಿದಳು, ನೀನು ಏನೋ ಒಂದು ಹೇಳಿದೆ, ಹೇಳಿ ನನ್ನತ್ತ ಕಣ್ಣಲ್ಲೇ ಕೈಮುಗಿದೆ. ನನ್ನ ಬಾಯಿ ನಿನಗೆ ಗೊತ್ತು, ಯಾರಿಗೂ ಹೆದರಿದ್ದಲ್ಲ. ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡೆ. ನೀವು ಲಿಫ್ಟಿನೊಳಗೆ ಹೋಗುವ ತನಕ ಹಿಡಿದುಕೊಂಡೆ, ಬಸ್ಸಿನಲ್ಲೂ ಹಿಡಿದುಕೊಂಡೆ, ತಟ್ಟೆಯ ಮುಂದೆ ಕೂತಾಗಲೂ ಹಿಡಿದುಕೊಂಡೇ ಇದ್ದೆ.

ಮಾರನೆಯ ಬೆಳಿಗ್ಗೆ ಅದೇ ಹುಡುಗಿ, ಅದೇ ಬೆರಳು. ಮುಟ್ಟಿದ್ದೇ ತಡ ಕಿರುಚಿಕೊಂಡೆ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೆಲ್ಲ ಎದ್ದು ನೋಡಿದರು.

"ನಿನ್ನೆ ಯಾರ ಮೇಲಾದ್ರೂ ಸಿಟ್ಟು ತಡ್ಕೊಂಡ್ರಾ ಅಜ್ಜೀ?"

"ನಿನಗ್ಯಾರು ಹೇಳಿದ್ರು?"

"ನಿಮ್ಮ ದವಡೆ ಹೇಳ್ತಿದೆ. ಸಿಟ್ಟು ತಡೆಯೋಕೂ ನೋವು ತಡೆಯೋಕೂ ಇರೋ ತ್ರಾಣ ಒಂದೇ ಅಂತ ನನಗನ್ಸುತ್ತೆ. ಅಲ್ಲಿ ಪೂರಾ ಸುರಿದು ಬಂದ್ರೆ ಇಲ್ಲಿಗೆ ಏನು ಉಳಿಯುತ್ತೆ? ಬೈದು ಬರ್ಬೇಕಿತ್ತು ನೀವು."

ಬೈಯಲಿಲ್ಲ. ಅವತ್ತಿನಿಂದ ಬೆರಳು ಎಲ್ಲಿತ್ತೋ ಅಲ್ಲೇ ಇದೆ. ತಿಂಗಳ ಕೊನೆ ಮಾತ್ರ ಹತ್ತಿರ ಬರುತ್ತಿದೆ.

ಮಗಳ ಮದುವೆ ಚೆನ್ನಾಗಿ ನಡೆಯಲಿ. ಮಗು ತಣ್ಣಗಿರಲಿ, ಅದರ ಮೇಲೆ ನನಗೆ ಸಿಟ್ಟಿಲ್ಲ. ನೀನು ಬಿ.ಪಿ. ಮಾತ್ರೆ ತಪ್ಪಿಸಬೇಡ.

ಇತಿ,
ನಿನ್ನ ಒಡಹುಟ್ಟಿದ ಅಕ್ಕ

ಇನ್ನೊಂದು ಮಾತು. "ಇವ್ರು ನಿಮಗೆ ಏನಾಗ್ಬೇಕು?" ಎಂದು ಅವತ್ತು ನಿನ್ನ ಬೀಗಿತ್ತಿ ಕೇಳಿದಾಗ "ಏನೂ ಆಗ್ಬೇಕಿಲ್ಲ, ನಮ್ಮ ಬಟ್ಟೆ ಹೊಲಿಯೋರು" ಎಂದೆಯಲ್ಲ. ಹೊಲಿದದ್ದು ನಿಜ. ನೀನು ಅಂಗಿ ಹಾಕಿಕೊಳ್ಳುವುದು ಕಲಿತಾಗಿನಿಂದ ಹೊಲಿದಿದ್ದೇನೆ. ಕೋಟಿಗೆ ಪಕ್ಕದ ಅಂಗಡಿಯ ಮೆಷಿನ್ನಿನಲ್ಲಿ ಕಾಜ ಮಾಡಿಸಿ ಕಳಿಸಲು ಯಜಮಾನನಿಗೆ ಹೇಳಿದ್ದೇನೆ. ಈಗಲೂ ಹುಡುಗಿ ಬೆರಳು ಹಿಡಿದ ಕೂಡಲೇ ಕಣ್ಣು ಮುಚ್ಚುತ್ತೇನೆ. ಬೇರೆ ಬಟ್ಟೆ ಹರವಿಕೊಳ್ಳೋಣವೆಂದರೆ ಆ ಕೋಟೇ ಬಂದು ತೊಡೆಯ ಮೇಲೆ ಬೀಳುತ್ತದೆ. ಅದರಲ್ಲಿ ಕಾಜದ ಸೀಳಿಗೆ ಕತ್ತರಿ ಹಾಕಲು ಮನಸ್ಸಾಗುವುದಿಲ್ಲ. ಕಣ್ಣು ತೆರೆದು ನೋವನ್ನೇ ನೋಡುತ್ತ ಕೂರುತ್ತೇನೆ.