ಅಬ್ಬಾನ ಕತ್ತರಿ

ಜುಲೈ ೧೪, ಸೋಮವಾರ

ಅಬ್ಬಾನ ಕತ್ತರಿ ಇವತ್ತೂ ಮನೆಗೆ ಬರಲಿಲ್ಲ. ಗಲಭೆಯಲ್ಲಿ ಅವರನ್ನು ಟೈಲರ್ ಅಂಗಡಿಯೊಳಗೇ ಕೊಂದವರ ಮೇಲಿನ ಕೇಸನ್ನು ಸರ್ಕಾರ ವಾಪಸ್ ಪಡೆದಿದೆ. ಸಾಕ್ಷಿಗೆಂದು ಇಟ್ಟುಕೊಂಡಿದ್ದ ಆ ಕತ್ತರಿಯನ್ನು ಒಯ್ಯಿರಿ ಎಂದು ಕೋರ್ಟಿನಿಂದ ಕರೆ ಬಂದಿತ್ತು.

“ತಗೊಂಡೋಗಮ್ಮ, ಇಲ್ಲೊಂದು ಸಹಿ ಹಾಕು,” ಅಂದರು ಗುಮಾಸ್ತರು. ನಾನು ಪೆನ್ನು ತೆಗೆದೇಬಿಟ್ಟಿದ್ದೆ. ಅಮ್ಮಿ ನನ್ನ ಕೈ ಹಿಡಿದಳು.

“ಕೇಸು ಸರ್ಕಾರ ಬುಟ್ಟೈತೆ, ನಾನು ಬುಟ್ಟಿಲ್ಲ ಕಣಪ್ಪ. ಕತ್ತರಿ ಇಲ್ಲೇ ಇರ್ಲಿ.”

ಬಸ್ಸಿನಲ್ಲಿ ಶಿರಾಕ್ಕೆ ವಾಪಸ್ ಬಂದೆವು. ಅಬ್ಬಾನನ್ನು ಕೊಂದವರಲ್ಲೊಬ್ಬ ನಮ್ಮ ಬೀದಿಯಲ್ಲೇ ಇದ್ದಾನೆ. ನನ್ನ ಮಗು ಐಮನ್‌ಗೆ ಇನ್ನೂ ಎರಡು ವರ್ಷ. ಕೇಸು ವಾಪಸ್ ಪಡೆದದ್ದರ ವಿರುದ್ಧ ನಾಳೆ ನಮ್ಮ ವಕೀಲರು ಹಾಕುವ ತಕರಾರು ಅರ್ಜಿಗೆ ಅಮ್ಮಿಯ ಹೆಬ್ಬೆಟ್ಟಿನ ಜೊತೆ ನನ್ನ ಸಹಿಯೂ ಬೇಕಂತೆ.

ಅಷ್ಟು ಬೇಗ ಕೈಗೆ ಬಂದ ಆ ಪೆನ್ನಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಮರೆಯದೆ ಬ್ಯಾಗಿಗೆ ಹಾಕಿಕೊಳ್ಳಬೇಕು.