ಸದ್ದಿಲ್ಲದ ಚಪ್ಪಾಳೆ

ಮಂಚಿಕೇರಿ, ಸೋಮವಾರ

ಸಮುದಾಯ ಭವನ ಸಮಿತಿಯ ಅಧ್ಯಕ್ಷರಾದ ಮಹಾಬಲಣ್ಣನಿಗೆ, ಜೊತೆಗಾತಿ ಕೂಟದ ದೇವಕಿಯ ನಮಸ್ಕಾರ.

ನಮ್ಮ ಹೆಂಗಸರೆಲ್ಲ ಕೈ ಆಡಿಸಿ ನಿಮ್ಮನ್ನು ಅಣಕಿಸಿದರೆಂದು ಭವನಕ್ಕೆ ಬೀಗ ಹಾಕಿಸಿದ್ದೀರಂತೆ. ಅಣ್ಣಾ, ಅದು ಚಪ್ಪಾಳೆ. ಹುಟ್ಟಿನಿಂದ ಕಿವಿ ಕೇಳದ ನಮ್ಮ ಅಭಿಜ್ಞಾ ಅಂದು ಮೊದಲ ಬಾರಿ ಸಭೆಯೆದುರು ನಿಂತು ಕೈಸನ್ನೆಯಲ್ಲಿ ತನ್ನ ಕಥೆ ಹೇಳಿದ್ದಳು. ಸದ್ದು ಅವಳಿಗೆ ಕೇಳುವುದಿಲ್ಲವಲ್ಲ, ಅದಕ್ಕೇ ಕೈ ಮೇಲೆತ್ತಿ ಬೆರಳು ಆಡಿಸಿದೆವು. ಅದೇ ಹೊತ್ತಿಗೆ ನೀವು ಬಾಗಿಲಿಗೆ ಬಂದಿರಿ.

"ಮಾತೇ ಬತ್ತಿಲ್ಲೆ, ಈ ಕೂಸಿಗೆ ಸಭೆ ಎಂತಕ್ಕೆ?" ಎಂದಿರಿ. ಅದನ್ನು ಅವಳಿಗೆ ಸನ್ನೆಯಲ್ಲಿ ತಿಳಿಸುವಾಗ 'ಅಧ್ಯಕ್ಷರು' ಎನ್ನಲು ನಮ್ಮ ಕೂಟದ ಪಾರ್ವತವ್ವ ಗಾಳಿಯಲ್ಲಿ ದೊಡ್ಡ ಹೊಟ್ಟೆ ಬರೆದದ್ದು ನಿಜ. ನಾವೆಲ್ಲ ನಕ್ಕದ್ದೂ ನಿಜ. ಅಷ್ಟನ್ನು ಅಣಕವೆಂದು ಒಪ್ಪುತ್ತೇನೆ.

ಅಭಿಜ್ಞಾ ಮಾತ್ರ ನಗಲಿಲ್ಲ. ಆಮೇಲೆ ಮನೆಯಿಂದ ಹೊರಗೂ ಬರಲಿಲ್ಲ. ನಿನ್ನೆ ಎಲ್ಲರೂ ಹೋಗಿ ಕರೆದಾಗ, ನೀವೂ ಬರುವುದಾದರೆ ಬರುತ್ತೇನೆ ಎಂದಳು.

ಗುರುವಾರ ಸಂಜೆ ಬೀಗದ ಕೈ ಹಿಡಿದು ನೀವೇ ಬನ್ನಿ. ಚಹಾ, ಅವಲಕ್ಕಿ ನಮ್ಮದು. ನಿಮಗೆ ಸನ್ನೆ ಕಲಿಸುವ ಕೆಲಸ ಅಭಿಜ್ಞಾಳೇ ವಹಿಸಿಕೊಂಡಿದ್ದಾಳೆ. ಮೊದಲ ದಿನ ಒಂದೇ ಮಾತು ಸಾಕಂತೆ, 'ತಪ್ಪಾಯಿತು'. ಕಲಿಯಲು ಬಹಳ ಸುಲಭವಂತೆ.

ನಿಮ್ಮ ದಾರಿ ಕಾಯುವ,
ದೇವಕಿ