ಕಫದ ಜೊತೆ ಮೂತ್ರವೂ

ಸಭಿಕರೇ, ಸೀಸೆಗಳೇ, ಸಾಲಾಗಿ ಕೂತ ಕಫದ ಡಬ್ಬಿಗಳೇ, ಗಮನವಿಟ್ಟು ಕೇಳಿ! ಅಣ್ಣಾ, ಇದ್ದಲ್ಲಿಂದಲೇ ನೀನೂ ಕೇಳು: ನಿನ್ನ ತಮ್ಮ ಇವತ್ತು ಲ್ಯಾಬಿನಲ್ಲಿ ಡಾಕ್ಟರ ಮಾತು ಮೀರಿದ.

ನಿನ್ನ ಹಾಗೆಯೇ ಎಚ್‌ಐವಿ ಇದ್ದ ಟೈಲರಮ್ಮ ಬಂದಿದ್ದರು, ಮೈ ಕಡ್ಡಿಯಾಗಿತ್ತು. ಕಫದಲ್ಲಿ ಕ್ಷಯ ಸಿಗಲಿಲ್ಲ; ಆದರೆ ಎಚ್‌ಐವಿ ಇದ್ದವರಲ್ಲಿ ಅದು ಕಫದಲ್ಲಿ ಕಾಣದೆ ಮೂತ್ರದಲ್ಲಿ ಸಿಗುವುದುಂಟು.

"ಇಲ್ಲ ಅಂತ ಬರೆದು ಕಳ್ಸಯ್ಯಾ" ಎಂದರು ಡಾಕ್ಟರು.

"ಕಫ ಕೈ ಕೊಟ್ರೆ ಕೊಡಲಿ, ಮೂತ್ರ ಬಾಯಿ ಬಿಡಲಿ. ಎರಡೂ ನೋಡ್ದೆ ಸಹಿ ಹಾಕಲ್ಲ ಸಾರ್."

"ಪ್ರಾಸ ಬೇರೆ ಕೇಡು ನಿಂಗೆ!"

ಅರ್ಧ ಗಂಟೆಯೊಳಗೆ ಮೂತ್ರದ ಹನಿ ಹಾಕಿದ ಪರೀಕ್ಷೆಯ ಪಟ್ಟಿಯ ಮೇಲೆ ಕ್ಷಯದ ಗೆರೆ ಮೂಡಿತು. ಸಂಜೆಗೇ ಮಾತ್ರೆ ಶುರುವಾಯಿತು. ನೋಟಿಸ್ ಕೊಟ್ಟರೂ ನಾಳೆ ಹೀಗೇ ಮಾಡುತ್ತೇನೆ.

ನೀನು ಸಾಯುವ ಮುಂಚೆ ನಿನ್ನ ಕಫದಲ್ಲೂ ಏನೂ ಸಿಕ್ಕಿರಲಿಲ್ಲ. ಆ ಪಟ್ಟಿ ಆಗಲೂ ನನ್ನ ಕಪಾಟಿನಲ್ಲಿತ್ತು. ಅದನ್ನು ಎಚ್‌ಐವಿ ಇದ್ದವರಿಗೆ ಮಾತ್ರ ಬಳಸುತ್ತಿದ್ದೆವು. ಚೀಟಿಯಲ್ಲಿ ನಿನ್ನ ಹೆಸರು ಬರೆದರೆ ನಿನ್ನ ಕಾಯಿಲೆ ಲ್ಯಾಬಿನವರಿಗೆಲ್ಲ ಗೊತ್ತಾಗುತ್ತದೆಂದು ನಾಚಿ, ನಾನು ಆ ಪರೀಕ್ಷೆ ಮಾಡಲೇ ಇಲ್ಲ.